ಮ್ಯಾಟ್ರಿಕ್ಸ್ ಸ್ವಿಚರ್ ಬಳಸುವುದು ಹೇಗೆ: ತೆರೆಯ ಮೇಲೆ ಒತ್ತಕ್ಷರ ಕಲಸದಂತೆ, ಸ್ಪೀಕರಿನಲ್ಲಿ ಗುಂಯ್‌ಗುಡದಂತೆ

ಒಂದು ಕಾಲೇಜಿನ ಸಭಾಂಗಣದಲ್ಲಿ ಕನ್ನಡದಲ್ಲೇ ನಡೆಯುತ್ತಿದ್ದ ವಿಜ್ಞಾನ ಗೋಷ್ಠಿ. ಪ್ರೊಜೆಕ್ಟರ್ ಹೊಸದು, ಹಲವು ಮೂಲಗಳ ಚಿತ್ರವನ್ನು ಹಲವು ಪರದೆಗಳಿಗೆ ಬೇಕಾದಂತೆ ತಿರುಗಿಸುವ ಪೆಟ್ಟಿಗೆಯಾದ ಮ್ಯಾಟ್ರಿಕ್ಸ್ ಹೊಸದು, ಕೇಬಲ್‌ಗಳೂ ಹೊಸವು. ಮೊದಲ ಭಾಷಣಕಾರರ ಸ್ಲೈಡ್ ತೆರೆಗೆ ಬಂದಾಗ ‘ರಾಷ್ಟ್ರೀಯ’ ಎಂಬ ಪದದ ಎರಡು ಒತ್ತುಗಳು ಸೇರಿ ಒಂದು ಮಸಿಚುಕ್ಕೆಯಾಗಿದ್ದವು. ಪ್ರೊಜೆಕ್ಟರಿನ ಫೋಕಸ್ ತಿರುಗಿಸಿದೆವು, ಕೇಬಲ್ ಬದಲಿಸಿದೆವು, ಲ್ಯಾಪ್‌ಟಾಪನ್ನೂ ಬದಲಿಸಿದೆವು. ಅರ್ಧ ಗಂಟೆಯ ನಂತರ ತಪ್ಪು ಸಿಕ್ಕಿದ್ದು ಸಭಾಂಗಣದ ಹೊರಗೆ, ಪ್ರವೇಶ ಮೊಗಸಾಲೆಯ ಗೋಡೆಗೆ ತೂಗುಹಾಕಿದ್ದ 32 ಇಂಚಿನ ಹಳೆಯ ಟಿವಿಯಲ್ಲಿ. ಅದರ ರೆಸಲ್ಯೂಷನ್ 1366×768. ಮ್ಯಾಟ್ರಿಕ್ಸ್ ಎಲ್ಲ ಪರದೆಗಳಿಗೂ ಒಗ್ಗುವ ಮಟ್ಟವನ್ನು ತಾನೇ ಆರಿಸಿಕೊಂಡು, ಲ್ಯಾಪ್‌ಟಾಪಿಗೆ ಆ ಟಿವಿಯ ಅಳತೆಯನ್ನೇ ಹೇಳಿತ್ತು. ಆ ಟಿವಿಯ ಕೇಬಲ್ ಕಿತ್ತ ಕೂಡಲೇ ಲ್ಯಾಪ್‌ಟಾಪ್ 1920×1080ಕ್ಕೆ ಏರಿತು, ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡವು.

ವೇದಿಕೆಯ ಕೆಲಸದಲ್ಲಿ ನಾನು ಕಂಡ ದೋಷಗಳಲ್ಲಿ ಬಹುಪಾಲು ಈ ಜಾತಿಯವೇ. ಮ್ಯಾಟ್ರಿಕ್ಸ್ ಸ್ವಿಚರ್ ಸಿಗ್ನಲ್ಲನ್ನು ಉತ್ತಮಗೊಳಿಸುವ ಯಂತ್ರವಲ್ಲ. ಬಂದದ್ದನ್ನು ಬೇಕಾದ ಕಡೆಗೆ ಕಳುಹಿಸುವುದು ಅದರ ಕೆಲಸ. ಯಾವ ಗುಣಮಟ್ಟದಲ್ಲಿ ಬರಬೇಕು, ಯಾವ ಗುಣಮಟ್ಟದಲ್ಲಿ ಹೋಗಬೇಕು ಎಂಬುದನ್ನು ನೀವು ಮೊದಲೇ ತೀರ್ಮಾನಿಸದಿದ್ದರೆ ಪೆಟ್ಟಿಗೆಗಳು ತಮ್ಮತಮ್ಮಲ್ಲೇ ತೀರ್ಮಾನಿಸಿಕೊಳ್ಳುತ್ತವೆ. ಐನೂರು ಆರುನೂರು ಆಸನಗಳ ಸಭಾಂಗಣವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು, ಈ ತೀರ್ಮಾನಗಳನ್ನು ಯಾವ ಕ್ರಮದಲ್ಲಿ ತೆಗೆದುಕೊಳ್ಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಕಾಗದದ ಮೇಲೆ

ಒಂದು ಹಾಳೆಯ ಎಡಗಡೆ ಮೂಲಗಳನ್ನು ಬರೆಯಿರಿ: ಭಾಷಣಪೀಠದ ಲ್ಯಾಪ್‌ಟಾಪ್, ವೇದಿಕೆಯ ಮೇಜಿನ ಲ್ಯಾಪ್‌ಟಾಪ್, ನಿಯಂತ್ರಣ ಕೊಠಡಿಯ ಕಂಪ್ಯೂಟರ್, ಒಂದೋ ಎರಡೋ ಕ್ಯಾಮೆರಾ. ಬಲಗಡೆ ತಲುಪಬೇಕಾದ ಜಾಗಗಳು: ಪ್ರೊಜೆಕ್ಟರ್, ಭಾಷಣಕಾರರ ಎದುರಿನ ಪುಟ್ಟ ಮಾನಿಟರ್, ಮೊಗಸಾಲೆಯ ಟಿವಿ, ರೆಕಾರ್ಡರ್, ನೇರಪ್ರಸಾರದ ಎನ್‌ಕೋಡರ್. ಒಂದೇ ಮೂಲವನ್ನು ಹಲವು ಕಡೆ ಹಂಚಬೇಕಾದರೆ ಸ್ಪ್ಲಿಟರ್ ಸಾಕು. ಹಲವು ಮೂಲಗಳಲ್ಲಿ ಒಂದನ್ನು ಒಂದೇ ಪರದೆಗೆ ಕಳುಹಿಸಬೇಕಾದರೆ ಸಾಮಾನ್ಯ ಸ್ವಿಚರ್ ಸಾಕು. ತೆರೆಯ ಮೇಲೆ ಸ್ಲೈಡ್, ಮೊಗಸಾಲೆಯಲ್ಲಿ ಕ್ಯಾಮೆರಾ ಚಿತ್ರ, ರೆಕಾರ್ಡರಿಗೆ ಇನ್ನೊಂದು ಎಂದು ಬೇಕಾದಾಗ ಮಾತ್ರ ಮ್ಯಾಟ್ರಿಕ್ಸ್ ಬೇಕಾಗುತ್ತದೆ. ಎಣಿಕೆ ಮುಗಿದ ಮೇಲೆ ಎರಡೂ ಬದಿಗೆ ಎರಡೆರಡು ಸೇರಿಸಿ. ನಮ್ಮ ಲೆಕ್ಕ ಐದು ಮೂಲ, ಐದು ಪರದೆ. ಎರಡೆರಡು ಸೇರಿಸಿದರೆ ಏಳೇಳು. ಆದ್ದರಿಂದ ಕೊಳ್ಳಬೇಕಾದದ್ದು 8×8, ಅಂದರೆ ಎಂಟು ಇನ್‌ಪುಟ್, ಎಂಟು ಔಟ್‌ಪುಟ್ ಇರುವುದು.

ಅದೇ ಹಾಳೆಯಲ್ಲಿ ಪ್ರತಿ ಪರದೆಯ ರೆಸಲ್ಯೂಷನ್ ಬರೆದು, ಇಡೀ ಸಭಾಂಗಣಕ್ಕೆ ಒಂದು ಅಳತೆಯನ್ನು ಆರಿಸಿ. 4ಕೆ ಎಂಬ ಮಾತಿಗೆ ಬೇಗ ಮರುಳಾಗಬೇಡಿ. 1080ಪಿ 60 (1920×1080 ಅಳತೆ, ಸೆಕೆಂಡಿಗೆ 60 ಫ್ರೇಮ್) ಸಿಗ್ನಲ್ಲಿಗೆ ಎಚ್‌ಡಿಎಂಐ ತಂತಿಯಲ್ಲಿ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಹರಿಯಬೇಕು. 4ಕೆ 30ಕ್ಕೆ ಸುಮಾರು 9, ಪೂರ್ಣ ಬಣ್ಣದ 4ಕೆ 60ಕ್ಕೆ ಸುಮಾರು 18. ಕೊನೆಯದನ್ನು ದಾಟಿಸಲು ಮ್ಯಾಟ್ರಿಕ್ಸ್, ಕೇಬಲ್, ಎಕ್ಸ್‌ಟೆಂಡರ್ (ಸಿಗ್ನಲ್ಲನ್ನು ದೂರಕ್ಕೆ ಒಯ್ಯುವ ಪೆಟ್ಟಿಗೆ), ಪರದೆ ಎಲ್ಲವೂ ಎಚ್‌ಡಿಎಂಐ 2.0ರ 18 ಗಿಗಾಬಿಟ್‌ಗೆ ತಕ್ಕವಾಗಿರಬೇಕು. ಪೆಟ್ಟಿಗೆಯ ಮೇಲೆ ‘4ಕೆ’ ಎಂದು ದೊಡ್ಡದಾಗಿ ಅಚ್ಚಾಗಿದ್ದರೂ ಒಳಗಿನ ಕೈಪಿಡಿಯಲ್ಲಿ 10.2 ಗಿಗಾಬಿಟ್ ಎಂದಿದ್ದರೆ ಅದು 4ಕೆ 30ರ ಯಂತ್ರ; ಅದರಲ್ಲಿ ಮೌಸ್ ಬಾಣ ಕುಂಟುತ್ತಾ ಸಾಗುತ್ತದೆ. ಅಥವಾ ಅದು 60ಕ್ಕೆ ಏರುವುದು 4:2:0 ಎಂಬ ಬಣ್ಣ ಕಡಿತದ ಮೂಲಕ. ಆಗ ಕಪ್ಪಿನ ಮೇಲಿನ ಕೆಂಪು ಅಕ್ಷರದ ಅಂಚು ಹರಡಿಕೊಳ್ಳುತ್ತದೆ. ಪ್ರೊಜೆಕ್ಟರೇ 1080ಪಿ ಆಗಿದ್ದರೆ ಇಡೀ ವ್ಯವಸ್ಥೆಯನ್ನು 1080ಪಿ 60ರಲ್ಲಿ ಗಟ್ಟಿಯಾಗಿ ಕಟ್ಟಿ. ಸೋರುವ 4ಕೆಗಿಂತ ಬಿಗಿಯಾದ 1080ಪಿ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

60 ಏಕೆ, ಭಾರತದ ಟಿವಿ ಪ್ರಸಾರ 50 ಅಲ್ಲವೇ ಎಂದು ಕ್ಯಾಮೆರಾದವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಲ್ಯಾಪ್‌ಟಾಪುಗಳು ಸಹಜವಾಗಿ 60ರಲ್ಲಿ ಬರುತ್ತವೆ, ಅವನ್ನು 50ಕ್ಕೆ ಇಳಿಸಿದರೆ ಚಲನೆ ಎಡವುತ್ತದೆ. ಟಿವಿ ವಾಹಿನಿಗೆ ಚಿತ್ರ ಕೊಡಬೇಕಾದ ಸಭಾಂಗಣವಾದರೆ 50 ಇರಲಿ. ಇಲ್ಲವಾದರೆ ಕ್ಯಾಮೆರಾವನ್ನೂ 60ಕ್ಕೇ ತನ್ನಿ, ಆದರೆ ಶಟರ್ ಮಾತ್ರ 1/100 ಸೆಕೆಂಡಿನಲ್ಲಿಡಿ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಅದರಿಂದ ಉರಿಯುವ ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ಶಟರ್ ಅಷ್ಟೇ ಕಾಲ ತೆರೆದಿದ್ದರೆ ಪ್ರತಿ ಫ್ರೇಮಿಗೂ ಒಂದು ಪೂರ್ತಿ ಮಿಣುಕು ಸಿಗುತ್ತದೆ, ಚಿತ್ರ ನಡುಗುವುದಿಲ್ಲ.

ಕೇಬಲ್: ಹಣ ಉಳಿಸಬಾರದ ಜಾಗ

ಸಾಧಾರಣ ತಾಮ್ರದ ಎಚ್‌ಡಿಎಂಐ ಕೇಬಲ್ 1080ಪಿಗೆ ಹತ್ತು ಮೀಟರ್ ಆಸುಪಾಸಿನವರೆಗೆ ನಂಬಿಕಸ್ಥ. ಪೂರ್ಣ 4ಕೆ 60ಕ್ಕೆ ಐದು ಮೀಟರ್ ದಾಟಿದರೆ ನಾನು ನಂಬುವುದಿಲ್ಲ. ಕೇಬಲ್ ಸೋಲುತ್ತಿರುವಾಗ ಮೊದಲು ಕಾಣಿಸುವುದು ಕಪ್ಪು ಜಾಗಗಳಲ್ಲಿ ಮಿಂಚುಹುಳುವಿನಂತೆ ಹಾರುವ ಬಿಳಿ ಚುಕ್ಕೆಗಳು. ಆಮೇಲೆ ಚಿತ್ರ ಆಗಾಗ ಕ್ಷಣಕಾಲ ಮಾಯವಾಗಿ ಮರಳುತ್ತದೆ, ಕೊನೆಗೆ ಕಪ್ಪು. ಡಿಜಿಟಲ್ ಸಿಗ್ನಲ್ ಹಳೆಯ ವಿಜಿಎ ಹಾಗೆ ಮೆಲ್ಲಮೆಲ್ಲನೆ ಮಸುಕಾಗುವುದಿಲ್ಲ. ಅಂಚಿನವರೆಗೂ ಚೆನ್ನಾಗಿದ್ದು ಧೊಪ್ಪನೆ ಬೀಳುತ್ತದೆ. ಆದ್ದರಿಂದ ಒಂದೇ ಒಂದು ಬಿಳಿ ಚುಕ್ಕೆ ಕಂಡರೂ ‘ಈಗ ನಡೆಯುತ್ತಿದೆಯಲ್ಲ’ ಎಂದು ಬಿಡಬೇಡಿ.

ನಿಯಂತ್ರಣ ಕೊಠಡಿಯಿಂದ ಪ್ರೊಜೆಕ್ಟರಿಗೆ ಮೂವತ್ತು ನಲವತ್ತು ಮೀಟರ್ ಇರುವುದು ಸಾಮಾನ್ಯ. ಅಲ್ಲಿ ಮೂರು ದಾರಿಗಳಿವೆ. ಕ್ಯಾಮೆರಾಗಳಿಗೆ ಎಸ್‌ಡಿಐ ಎಂಬ ವೃತ್ತಿಪರ ವೀಡಿಯೊ ಸಂಪರ್ಕ ಅತ್ಯುತ್ತಮ. 75 ಓಮ್‌ನ ಒಳ್ಳೆಯ ಕೋಆಕ್ಸಿಯಲ್ ಕೇಬಲ್, ತಿರುಗಿಸಿ ಬಿಗಿಯುವ ಬಿಎನ್‌ಸಿ ಕನೆಕ್ಟರ್. ಯಾರಾದರೂ ಎಡವಿದರೂ ಕಳಚುವುದಿಲ್ಲ. ಇನ್ನೊಂದು ಆಪ್ಟಿಕಲ್ ಎಚ್‌ಡಿಎಂಐ ಕೇಬಲ್. ಇದಕ್ಕೆ ದಿಕ್ಕಿದೆ, ಮೂಲದ ತುದಿ ಯಾವುದು ಪರದೆಯ ತುದಿ ಯಾವುದು ಎಂದು ಅದರ ಮೇಲೇ ಬರೆದಿರುತ್ತದೆ. ಕೊಳವೆಯೊಳಗೆ ತಲೆಕೆಳಗಾಗಿ ಎಳೆದುಬಿಟ್ಟರೆ ಮತ್ತೆ ಎಳೆಯುವುದೊಂದೇ ಗತಿ.

ಮೂರನೆಯದು ಎಚ್‌ಡಿಬೇಸ್‌ಟಿ, ನಮ್ಮ ಸಭಾಂಗಣಗಳಲ್ಲಿ ಹೆಚ್ಚು ಕಾಣುವುದು ಇದೇ. ನೆಟ್‌ವರ್ಕ್ ಕೇಬಲಿನಂಥದೇ ಕೇಬಲಿನಲ್ಲಿ 100 ಮೀಟರ್‌ವರೆಗೆ ಚಿತ್ರ, ಧ್ವನಿ, ನಿಯಂತ್ರಣ ಎಲ್ಲವೂ ಹೋಗುತ್ತವೆ. ನೋಟಕ್ಕೆ ನೆಟ್‌ವರ್ಕ್ ಕೇಬಲ್, ನಡೆ ಮಾತ್ರ ಬೇರೆ. ಅದನ್ನು ಕಚೇರಿಯ ನೆಟ್‌ವರ್ಕ್ ಸ್ವಿಚ್‌ಗೆ ಚುಚ್ಚಬಾರದು. ನಡುವೆ ಜೋಡಣೆ, ಗೋಡೆಯ ಸಾಕೆಟ್, ಪ್ಯಾಚ್ ಪ್ಯಾನೆಲ್ ಕಡಿಮೆಯಾದಷ್ಟೂ ಒಳ್ಳೆಯದು. ಒಂದೇ ಅಖಂಡ ಎಳೆಯಾದರೆ ಇನ್ನೂ ಒಳ್ಳೆಯದು. ಶೀಲ್ಡ್ (ಎಳೆಗಳ ಸುತ್ತ ಲೋಹದ ಹೊದಿಕೆ) ಇರುವ ಕ್ಯಾಟ್ 6ಎ ಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ ಕೇಬಲ್ ಕೇಳುವಾಗ ‘ಪೂರ್ತಿ ತಾಮ್ರವೇ?’ ಎಂದು ಕೇಳುವುದನ್ನು ಮರೆಯಬೇಡಿ. ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಮಾರುಕಟ್ಟೆಯಲ್ಲಿ ಧಾರಾಳವಾಗಿದೆ. ತುದಿಯನ್ನು ಚಾಕುವಿನಿಂದ ಹೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದನ್ನು ಹಿಂದಿರುಗಿಸಿ. ಕೇಬಲನ್ನು ವಿದ್ಯುತ್ ತಂತಿಗಳ ಕೊಳವೆಯಲ್ಲೇ ತೂರಿಸಬೇಡಿ, ಮೂಲೆಗಳಲ್ಲಿ ಚೂಪಾಗಿ ಮಡಚಬೇಡಿ, ಹೆಚ್ಚಾದ ಉದ್ದವನ್ನು ಬಿಗಿಯಾಗಿ ಸುರುಳಿ ಸುತ್ತಿ ಕಟ್ಟಬೇಡಿ.

ಇಡಿಐಡಿ: ಎಲ್ಲದರ ಗುಟ್ಟು ಇಲ್ಲಿದೆ

ಪ್ರತಿಯೊಂದು ಪರದೆಯೊಳಗೂ ತನ್ನ ಪರಿಚಯಪತ್ರವೊಂದು ಇರುತ್ತದೆ. ಅದರ ಮೂಲ ಗಾತ್ರ ಕೇವಲ 128 ಬೈಟ್. ಎಚ್‌ಡಿಎಂಐ ಪರದೆಗಳಲ್ಲಿ ಸಾಮಾನ್ಯವಾಗಿ 256. ‘ನನ್ನ ಇಷ್ಟದ ಅಳತೆ ಇದು, ಇಷ್ಟು ಹರ್ಟ್ಸ್ ತಾಳುತ್ತೇನೆ, ಧ್ವನಿ ಇಷ್ಟು ಚಾನೆಲ್ ಕೊಡಬಹುದು’ ಎಂದು ಅದರಲ್ಲಿ ಬರೆದಿರುತ್ತದೆ. ಕೇಬಲ್ ಚುಚ್ಚಿದ ಕೂಡಲೇ ಲ್ಯಾಪ್‌ಟಾಪ್ ಅದನ್ನು ಓದಿ, ಅದಕ್ಕೆ ತಕ್ಕ ಸಿಗ್ನಲ್ ಕಳುಹಿಸುತ್ತದೆ. ಇದನ್ನೇ ಇಡಿಐಡಿ ಎನ್ನುವುದು. ಮಧ್ಯೆ ಮ್ಯಾಟ್ರಿಕ್ಸ್ ಬಂದಾಗ ಲ್ಯಾಪ್‌ಟಾಪಿಗೆ ಪರದೆ ಕಾಣುವುದಿಲ್ಲ, ಕಾಣುವುದು ಮ್ಯಾಟ್ರಿಕ್ಸ್ ಮಾತ್ರ. ಐದು ಪರದೆಗಳ ಪರವಾಗಿ ಮ್ಯಾಟ್ರಿಕ್ಸ್ ಯಾವ ಉತ್ತರ ಕೊಡಬೇಕು?

ಯಂತ್ರದ ಸೆಟ್ಟಿಂಗಿನಲ್ಲಿ ಸಾಮಾನ್ಯವಾಗಿ ಮೂರು ಆಯ್ಕೆಗಳಿರುತ್ತವೆ. ಎಲ್ಲ ಪರದೆಗಳಿಗೂ ಒಗ್ಗುವ ಮಟ್ಟವನ್ನು ತಾನೇ ಹುಡುಕುವುದು ಒಂದು; ಮೊಗಸಾಲೆಯ ಟಿವಿ ನಮ್ಮನ್ನು ಕೆಡವಿದ್ದು ಇದರಿಂದಲೇ. ಒಂದು ನಿರ್ದಿಷ್ಟ ಪರದೆಯ ಪರಿಚಯಪತ್ರವನ್ನು ನಕಲು ಮಾಡಿಕೊಳ್ಳುವುದು ಇನ್ನೊಂದು. ಮುಖ್ಯ ಪ್ರೊಜೆಕ್ಟರಿನಿಂದ ನಕಲಿಸಿದರೆ ಇದು ಒಳ್ಳೆಯದೇ. ಆದರೆ ನಾನು ಬಳಸುವುದು ಮೂರನೆಯದನ್ನು: ಯಂತ್ರದಲ್ಲೇ ಸಿದ್ಧವಿರುವ ಸ್ಥಿರ ಪಟ್ಟಿಯಿಂದ ‘1080ಪಿ 60, ಎರಡು ಚಾನೆಲ್ ಪಿಸಿಎಂ (ಸಂಕುಚಿಸದ ಸಾದಾ ಡಿಜಿಟಲ್) ಧ್ವನಿ’ ಎಂಬುದನ್ನು ಆರಿಸಿ ಎಲ್ಲ ಇನ್‌ಪುಟ್‌ಗಳಿಗೂ ಅದನ್ನೇ ಹಾಕುವುದು. ಆಮೇಲೆ ಯಾವ ಪರದೆ ಆರಿದರೂ, ಯಾವ ಪರದೆ ಸೇರಿದರೂ ಲ್ಯಾಪ್‌ಟಾಪಿಗೆ ಸಿಗುವ ಉತ್ತರ ಒಂದೇ.

ಹೊಸ ಪಟ್ಟಿ ಹಾಕಿದ ಮೇಲೆ ಕೇಬಲನ್ನು ಒಮ್ಮೆ ಕಿತ್ತು ಮತ್ತೆ ಚುಚ್ಚಿ, ಲ್ಯಾಪ್‌ಟಾಪ್ ಮತ್ತೆ ಓದಲಿ. ಆಮೇಲೆ ಅದರ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದು 1920×1080, 60 ಹರ್ಟ್ಸ್ ಎಂದೇ ಇದೆಯೇ ನೋಡಿ. ಇಲ್ಲೊಂದು ಬಲೆಯಿದೆ. ಲ್ಯಾಪ್‌ಟಾಪ್ ತನ್ನ ಪರದೆಯನ್ನೇ ನಕಲಿಸುವ ‘ಡೂಪ್ಲಿಕೇಟ್’ ಸ್ಥಿತಿಯಲ್ಲಿದ್ದರೆ ತನ್ನ ಸ್ವಂತ ಪರದೆಯ ಅಳತೆಯನ್ನೇ ಹೊರಗೂ ಕಳುಹಿಸಬಹುದು. ‘ಎಕ್ಸ್‌ಟೆಂಡ್’ ಮಾಡಿದರೆ ಆ ತೊಡಕು ತಪ್ಪುತ್ತದೆ, ಭಾಷಣಕಾರರಿಗೆ ತಮ್ಮ ಟಿಪ್ಪಣಿಯೂ ಕಾಣುತ್ತದೆ.

ಹಳೆಯ ಟಿವಿಯ ಗತಿಯೇನು? ಅಂಥ ಬಹಳಷ್ಟು ಟಿವಿಗಳು 1080ಪಿ ಕೊಟ್ಟರೂ ತಾವೇ ಕುಗ್ಗಿಸಿಕೊಂಡು ತೋರಿಸುತ್ತವೆ. ತೋರಿಸದಿದ್ದರೆ ಆ ಒಂದು ಔಟ್‌ಪುಟ್‌ಗೆ ಮಾತ್ರ ಸ್ಕೇಲರ್ (ಚಿತ್ರದ ಅಳತೆ ಬದಲಿಸುವ ಸಾಧನ) ಹಾಕಿ. ದುರ್ಬಲ ಪರದೆಯ ಭಾರವನ್ನು ಅದರ ಕೊಂಬೆಯಲ್ಲೇ ಇಳಿಸಬೇಕು, ಬುಡಕ್ಕೆ ತರಬಾರದು.

ರೆಕಾರ್ಡರಿನಲ್ಲಿ ಕಪ್ಪು ಪರದೆ ಬಂದರೆ

ತೆರೆಯ ಮೇಲೆ ಚಿತ್ರವಿದೆ, ರೆಕಾರ್ಡರಿನಲ್ಲಿ ಮಾತ್ರ ಕಪ್ಪು. ಇದು ಎಚ್‌ಡಿಸಿಪಿ ಎಂಬ ನಕಲು ತಡೆಯ ಬೀಗ. ಮ್ಯಾಕ್‌ಬುಕ್‌ಗಳು ಎದುರಿನ ಯಂತ್ರ ಎಚ್‌ಡಿಸಿಪಿ ಬಲ್ಲದೆಂದು ತಿಳಿದರೆ ನಿಮ್ಮದೇ ಸ್ಲೈಡನ್ನೂ ಬೀಗ ಹಾಕಿ ಕಳುಹಿಸುತ್ತವೆ, ರೆಕಾರ್ಡರ್ ಅದನ್ನು ನಿರಾಕರಿಸುತ್ತದೆ. ಒಳ್ಳೆಯ ಮ್ಯಾಟ್ರಿಕ್ಸ್‌ಗಳಲ್ಲಿ ಇನ್‌ಪುಟ್‌ವಾರು ಎಚ್‌ಡಿಸಿಪಿ ಬೆಂಬಲವನ್ನು ಆಫ್ ಮಾಡುವ ಸೌಲಭ್ಯವಿರುತ್ತದೆ. ಭಾಷಣಪೀಠದ ಇನ್‌ಪುಟ್‌ನಲ್ಲಿ ಅದನ್ನು ಆಫ್ ಮಾಡಿಬಿಡಿ, ಲ್ಯಾಪ್‌ಟಾಪ್ ಬೀಗವಿಲ್ಲದೆ ಕಳುಹಿಸುತ್ತದೆ. ಆ ಇನ್‌ಪುಟ್‌ನಲ್ಲಿ ಹಕ್ಕುಸ್ವಾಮ್ಯದ ಸಿನಿಮಾ ಆಡುವುದಿಲ್ಲ, ಅದು ಸರಿಯೇ. ಬೀಗ ಹಾಕಿದ 4ಕೆ ವಿಷಯ ತೋರಿಸಬೇಕಾದ ಕಡೆ ಸರಪಳಿಯ ಪ್ರತಿ ಯಂತ್ರವೂ ಎಚ್‌ಡಿಸಿಪಿ 2.2 ಬಲ್ಲದ್ದಾಗಿರಬೇಕು.

ಮೂಲ ಬದಲಿಸುವಾಗಿನ ಕತ್ತಲೆ, ಬಣ್ಣದ ವ್ಯತ್ಯಾಸ

ಅಗ್ಗದ ಮ್ಯಾಟ್ರಿಕ್ಸಿನಲ್ಲಿ ಒಂದು ಮೂಲದಿಂದ ಇನ್ನೊಂದಕ್ಕೆ ಹೋಗುವಾಗ ತೆರೆ ಕೆಲವು ಸೆಕೆಂಡು ಕಪ್ಪಾಗುತ್ತದೆ, ಏಕೆಂದರೆ ಮೂಲವೂ ಪರದೆಯೂ ಪ್ರತಿಸಲ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕು. ಪ್ರತಿ ಔಟ್‌ಪುಟ್‌ಗೂ ಸ್ಕೇಲರ್ ಇರುವ ‘ಸೀಮ್‌ಲೆಸ್’ ಮ್ಯಾಟ್ರಿಕ್ಸ್ ಪರದೆಗೆ ಸದಾ ಒಂದೇ ಸಿಗ್ನಲ್ ಕೊಡುವುದರಿಂದ ಬದಲಾವಣೆ ಕಣ್ಣಿಗೆ ಹೊಡೆಯುವುದಿಲ್ಲ. ಸಭೆ ನಡೆಯುವ ಜಾಗಕ್ಕೆ ಇದಕ್ಕೆ ಖರ್ಚು ಮಾಡಿದ ಹಣ ಸಾರ್ಥಕ. ಸ್ಕೇಲರ್ ಒಂದೆರಡು ಫ್ರೇಮ್ ತಡ ಮಾಡುತ್ತದೆ ಎಂಬುದು ನೆನಪಿರಲಿ, ಆ ಲೆಕ್ಕ ಮುಂದೆ ಬರುತ್ತದೆ.

ಬಣ್ಣ ತೊಳೆದಂತೆ ಪೇಲವವಾಗಿದ್ದರೆ, ಅಥವಾ ಯಕ್ಷಗಾನದ ಕಪ್ಪು ದಗಲೆಯ ಮಡಿಕೆಗಳೆಲ್ಲ ಒಂದೇ ಕಪ್ಪಾಗಿ ಮುಳುಗಿದ್ದರೆ ಪ್ರೊಜೆಕ್ಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ವೀಡಿಯೊ ಯಂತ್ರಗಳು ಕಪ್ಪನ್ನು 16, ಬಿಳಿಯನ್ನು 235 ಎಂದು ಎಣಿಸುತ್ತವೆ. ಕಂಪ್ಯೂಟರ್‌ಗಳು 0ಯಿಂದ 255ರವರೆಗೆ ಎಣಿಸುತ್ತವೆ. ಎರಡು ತುದಿಗಳ ಎಣಿಕೆ ಬೇರೆಯಾದರೆ ಹೀಗಾಗುತ್ತದೆ. ಎರಡೂ ಕಡೆ ಒಂದೇ ವ್ಯಾಪ್ತಿಯನ್ನು ಕೈಯಾರೆ ಆರಿಸಿ, ‘ಆಟೊ’ದಲ್ಲಿ ಬಿಡಬೇಡಿ.

ಧ್ವನಿ

ಚಿತ್ರ ಸ್ವಲ್ಪ ಮಂಕಾದರೆ ಜನ ಸಹಿಸುತ್ತಾರೆ, ಧ್ವನಿ ಕೆಟ್ಟರೆ ಎದ್ದು ಹೋಗುತ್ತಾರೆ. ಆದರೂ ಮ್ಯಾಟ್ರಿಕ್ಸ್ ಕೂರಿಸುವವರು ಧ್ವನಿಗೆ ಕೊನೆಯ ಹತ್ತು ನಿಮಿಷ ಮಾತ್ರ ಕೊಡುವುದನ್ನು ನೋಡಿದ್ದೇನೆ. ಅದಕ್ಕೆ ಅರ್ಧ ದಿನ ಕೊಡಿ.

ಎಚ್‌ಡಿಎಂಐ ಒಳಗಿನ ಧ್ವನಿಯನ್ನು ಬೇರ್ಪಡಿಸಿ ಹೊರಗೆ ಕೊಡುವ ಸೌಲಭ್ಯವಿರುವ ಮ್ಯಾಟ್ರಿಕ್ಸನ್ನೇ ಕೊಳ್ಳಿ. ಚಿತ್ರವನ್ನೂ ಧ್ವನಿಯನ್ನೂ ಬೇರೆಬೇರೆಯಾಗಿ ತಿರುಗಿಸಲು ಬಂದರೆ ಇನ್ನೂ ಅನುಕೂಲ: ತೆರೆಯ ಮೇಲೆ ಕ್ಯಾಮೆರಾ ಚಿತ್ರ ಇರುವಾಗಲೇ ಕಂಪ್ಯೂಟರಿನ ನಾಡಗೀತೆಯ ಧ್ವನಿ ಬರಬೇಕಾದ ಸಂದರ್ಭ ಪ್ರತಿ ಸಮಾರಂಭದಲ್ಲೂ ಇರುತ್ತದೆ. ಇಡಿಐಡಿಯಲ್ಲಿ ಎರಡು ಚಾನೆಲ್ ಪಿಸಿಎಂ ಆರಿಸಿದ್ದು ಇದಕ್ಕಾಗಿಯೇ. ಇಲ್ಲದಿದ್ದರೆ ಪ್ಲೇಯರ್ ಡಾಲ್ಬಿ ಧ್ವನಿ ಕಳುಹಿಸುತ್ತದೆ, ಬೇರ್ಪಡಿಸುವ ಭಾಗಕ್ಕೆ ಅದು ಅರ್ಥವಾಗದೆ ಮೌನ ಆವರಿಸುತ್ತದೆ.

ಮ್ಯಾಟ್ರಿಕ್ಸಿನಿಂದ ಮಿಕ್ಸರಿಗೆ ಬ್ಯಾಲೆನ್ಸ್ಡ್ ಸಂಪರ್ಕ (ಜೋಡಿ ಎಳೆಗಳಲ್ಲಿ ಹೋಗಿ ಹೊರಗಿನ ಗದ್ದಲವನ್ನು ತಡೆಯುವಂಥದು) ಬಳಸಿ. ಹಿಂಬದಿಯ ಐದು ತಿರುಪಿನ ಹಸಿರು ಕನೆಕ್ಟರಿನಿಂದ ಎರಡು ಎಕ್ಸ್‌ಎಲ್‌ಆರ್ ತುದಿಗಳನ್ನು ಮಾಡಿಕೊಂಡರೆ ಆಯಿತು. ಆಮೇಲೆ ಮಟ್ಟ ಹೊಂದಿಸುವ ಕೆಲಸ. ವೃತ್ತಿಪರ ಯಂತ್ರಗಳ ಮಟ್ಟ +4 ಡಿಬಿಯು, ಅಂದರೆ ಸುಮಾರು 1.23 ವೋಲ್ಟ್. ಮನೆ ಬಳಕೆಯವುಗಳದ್ದು –10 ಡಿಬಿವಿ, ಸುಮಾರು 0.32 ವೋಲ್ಟ್. ಇವುಗಳ ನಡುವೆ ಹತ್ತಿರ ಹತ್ತಿರ 12 ಡೆಸಿಬೆಲ್ ಅಂತರ. ತಿಳಿಯದೆ ಜೋಡಿಸಿದರೆ ಒಂದೋ ಧ್ವನಿ ಒಡೆಯುತ್ತದೆ, ಇಲ್ಲವೇ ಮಿಕ್ಸರಿನಲ್ಲಿ ಏರಿಸಿ ಏರಿಸಿ ಸಿಗ್ನಲ್ಲಿನ ಜೊತೆಗೆ ಬುಸುಗುಟ್ಟುವ ಸದ್ದನ್ನೂ ಏರಿಸುತ್ತೇವೆ. ಕ್ರಮ ಹೀಗಿದೆ: ಲ್ಯಾಪ್‌ಟಾಪಿನ ಧ್ವನಿ ಪೂರ್ತಿ, ಮ್ಯಾಟ್ರಿಕ್ಸಿನ ಔಟ್‌ಪುಟ್ 0 ಡಿಬಿ. –20 ಡಿಬಿಎಫ್‌ಎಸ್ (ಡಿಜಿಟಲ್ ಧ್ವನಿಯ ಗರಿಷ್ಠಕ್ಕಿಂತ 20 ಡೆಸಿಬೆಲ್ ಕೆಳಗೆ) ಮಟ್ಟದ 1 ಕಿಲೋಹರ್ಟ್ಸ್ ಸ್ವರವನ್ನು ಹಾಕಿ. ಮಿಕ್ಸರಿನ ಮೀಟರ್ ಸೊನ್ನೆ ಮುಟ್ಟುವವರೆಗೆ ಗೇನ್ ತಿರುಗಿಸಿ, ಆ ಜಾಗಕ್ಕೆ ಅಂಟುಪಟ್ಟಿಯ ಗುರುತು ಹಾಕಿ. ಮುಂದೆ ಏರಿಳಿತವೆಲ್ಲ ಮಿಕ್ಸರಿನ ಫೇಡರಿನಲ್ಲೇ ಆಗಲಿ.

ಇನ್ನು ಗುಂಯ್ ಎನ್ನುವ ಸದ್ದು. ಪ್ರೊಜೆಕ್ಟರ್ ಚಾವಣಿಯ ಒಂದು ಸರ್ಕ್ಯೂಟಿನಿಂದ, ರ‍್ಯಾಕ್ ಇನ್ನೊಂದರಿಂದ, ಮಿಕ್ಸರ್ ಮತ್ತೊಂದರಿಂದ ವಿದ್ಯುತ್ ಪಡೆಯುತ್ತವೆ. ಎಚ್‌ಡಿಎಂಐ ಮತ್ತು ಆಡಿಯೊ ಕೇಬಲುಗಳ ಶೀಲ್ಡ್ ಇವುಗಳ ಅರ್ತ್‌ಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಅರ್ತ್‌ಗಳ ನಡುವೆ ಸ್ವಲ್ಪವೇ ವೋಲ್ಟೇಜ್ ವ್ಯತ್ಯಾಸವಿದ್ದರೂ ಆ ಶೀಲ್ಡಿನಲ್ಲಿ ಕರೆಂಟ್ ಹರಿದು 50 ಮತ್ತು 100 ಹರ್ಟ್ಸ್‌ನ ಗುಂಯ್‌ಕಾರ ಹುಟ್ಟುತ್ತದೆ. ಹುಡುಕುವಾಗ ಒಂದೊಂದನ್ನೇ ಬಿಡಿಸಿ ಕಿವಿಗೊಡಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ಸದ್ದು ನಿಂತರೆ ಅದು ಒಂದು ದಾರಿ. ಪ್ರೊಜೆಕ್ಟರಿನ ಕೇಬಲ್ ಕಿತ್ತಾಗ ನಿಂತರೆ ಇನ್ನೊಂದು. ಸಾಧ್ಯವಾದರೆ ಚಿತ್ರ ಮತ್ತು ಧ್ವನಿಯ ಯಂತ್ರಗಳೆಲ್ಲ ಒಂದೇ ಫೇಸ್, ಒಂದೇ ಅರ್ತ್‌ನಿಂದ ಬರುವಂತೆ ಮಾಡಿಸಿ, ವೇದಿಕೆ ದೀಪದ ಡಿಮ್ಮರುಗಳನ್ನು ಬೇರೆ ಫೇಸ್‌ಗೆ ಹಾಕಿಸಿ. ಅಷ್ಟಾದರೂ ಉಳಿದರೆ ಆಡಿಯೊ ಎಳೆಯಲ್ಲಿ 1:1 ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಡಿ.

ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸಿ ಸದ್ದು ನಿಲ್ಲಿಸುವವರಿದ್ದಾರೆ. ಹಾಗೆ ಮಾಡಿದ ದಿನ ಸದ್ದು ನಿಲ್ಲುವುದು ನಿಜ. ಆದರೆ ಯಾವುದೋ ಯಂತ್ರದಲ್ಲಿ ಸೋರಿಕೆಯಾದ ದಿನ ಮೈಕ್ ಹಿಡಿದ ಮಗುವಿನ ಕೈಯ ಮೂಲಕ ಕರೆಂಟ್ ನೆಲ ಸೇರುತ್ತದೆ. ದಯವಿಟ್ಟು ಎಂದಿಗೂ ಹಾಗೆ ಮಾಡಬೇಡಿ, ಬೇರೆಯವರು ಮಾಡಿದ್ದು ಕಂಡರೆ ಅಲ್ಲೇ ಪ್ಲಗ್ ಬದಲಿಸಿ. ಅರ್ತಿಂಗ್‌ಗೆ ಐಎಸ್ 3043 ಎಂಬ ಭಾರತೀಯ ಮಾನಕ ಸಂಹಿತೆಯೇ ಇದೆ. ಕಟ್ಟಡದ ಅರ್ತಿಂಗ್ ಅದರಂತಿದೆಯೇ ಎಂದು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿ.

ತುಟಿ ಮತ್ತು ಮಾತು

60ರಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 17 ಮಿಲಿಸೆಕೆಂಡ್. ಕ್ಯಾಮೆರಾ, ಸ್ಕೇಲರ್, ಪ್ರೊಜೆಕ್ಟರ್ ಒಂದೊಂದೂ ಒಂದೆರಡು ಫ್ರೇಮ್ ತಿಂದರೆ ಚಿತ್ರ ನೂರು ಮಿಲಿಸೆಕೆಂಡ್ ಹಿಂದೆ ಬೀಳುವುದು ಕಷ್ಟವೇನಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.1359 ಶಿಫಾರಸಿನ ಪ್ರಕಾರ, ಧ್ವನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದೆ ಬಂದರೇ ನೋಡುಗರಿಗೆ ಗೊತ್ತಾಗುತ್ತದೆ, ಹಿಂದೆ ಬಿದ್ದರೆ ಸುಮಾರು 125ರವರೆಗೆ ಗೊತ್ತಾಗುವುದಿಲ್ಲ. ಮಿಂಚಿನ ನಂತರ ಗುಡುಗು ಕೇಳಿ ಅಭ್ಯಾಸವಾದ ನಮಗೆ ಇದರಲ್ಲಿ ಅಚ್ಚರಿಯಿಲ್ಲ.

ಹೊಂದಿಸುವುದು ಸುಲಭ. ಒಬ್ಬರನ್ನು ಕ್ಯಾಮೆರಾ ಮುಂದೆ, ಮೈಕಿನ ಪಕ್ಕ ನಿಲ್ಲಿಸಿ ಜೋರಾಗಿ ಒಂದು ಚಪ್ಪಾಳೆ ತಟ್ಟಿಸಿ. ರೆಕಾರ್ಡ್ ಮಾಡಿ ನಿಧಾನಗತಿಯಲ್ಲಿ ನೋಡಿ. ಕೈಗಳು ಕೂಡುವ ಫ್ರೇಮಿಗೂ ಸದ್ದಿಗೂ ನಡುವಿನ ಅಂತರವೇ ಧ್ವನಿಗೆ ಕೊಡಬೇಕಾದ ವಿಳಂಬ. ಆ ವಿಳಂಬವನ್ನು ರೆಕಾರ್ಡರ್ ಮತ್ತು ನೇರಪ್ರಸಾರಕ್ಕೆ ಹೋಗುವ ಎಳೆಯಲ್ಲಿ ಮಾತ್ರ ಹಾಕಿ. ಸಭಾಂಗಣದ ಸ್ಪೀಕರಿಗೆ ಹಾಕಿದರೆ ಭಾಷಣಕಾರರಿಗೆ ತಮ್ಮ ಮಾತೇ ತಿರುಗಿ ಬಂದು ನಾಲಿಗೆ ತಡವರಿಸುತ್ತದೆ.

ವಿದ್ಯುತ್, ರ‍್ಯಾಕ್, ಗುಂಡಿಗಳು

ಕರೆಂಟ್ ಹೋಗಿ ಜನರೇಟರ್ ಏಳುವ ಆ ಕೆಲವು ಸೆಕೆಂಡುಗಳಲ್ಲಿ ಮ್ಯಾಟ್ರಿಕ್ಸ್ ಸತ್ತು ಹುಟ್ಟಿದರೆ ಎಲ್ಲ ಪರದೆಗಳ ಪರಿಚಯವೂ ಮೊದಲಿನಿಂದ ನಡೆಯಬೇಕು. ಮ್ಯಾಟ್ರಿಕ್ಸ್, ಎಕ್ಸ್‌ಟೆಂಡರ್, ಎನ್‌ಕೋಡರ್ ಮೂರನ್ನೂ ಆನ್‌ಲೈನ್ ಯುಪಿಎಸ್‌ಗೆ (ಕರೆಂಟ್ ಹೋದಾಗ ಕ್ಷಣವೂ ಕಡಿಯದಂಥದ್ದಕ್ಕೆ) ಹಾಕಿ. ರ‍್ಯಾಕಿನಲ್ಲಿ ಗಾಳಿಯಾಡಲು ಮ್ಯಾಟ್ರಿಕ್ಸಿನ ಮೇಲೊಂದು ಖಾನೆ ಖಾಲಿ ಬಿಡಿ. ನಿಯಂತ್ರಣದ ನೆಟ್‌ವರ್ಕ್ ಅತಿಥಿಗಳ ವೈಫೈಗಿಂತ ಬೇರೆಯಿರಲಿ, ಕಾರ್ಖಾನೆಯ ಪಾಸ್‌ವರ್ಡ್ ಬದಲಾಗಿರಲಿ.

‘ಉದ್ಘಾಟನೆ’, ‘ಉಪನ್ಯಾಸ’, ‘ಸಾಂಸ್ಕೃತಿಕ’ ಎಂದು ಮೂರು ಪ್ರಿಸೆಟ್ ಮಾಡಿಟ್ಟು, ಉಳಿದ ಗುಂಡಿಗಳಿಗೆ ಬೀಗ ಹಾಕಿ. ಪ್ರತಿ ಕೇಬಲಿನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ. ಮೊದಲು ಬರೆದ ಹಾಳೆಗೆ ಈ ಸಂಖ್ಯೆಗಳನ್ನು ಸೇರಿಸಿ ರ‍್ಯಾಕಿನ ಬಾಗಿಲ ಒಳಬದಿಗೆ ಅಂಟಿಸಿ.

ಕಾರ್ಯಕ್ರಮಕ್ಕೆ ಒಂದು ಗಂಟೆ ಮುಂಚೆ

ಪರದೆಗಳನ್ನು ಮೊದಲು, ಆಮೇಲೆ ಮ್ಯಾಟ್ರಿಕ್ಸ್, ಕೊನೆಗೆ ಮೂಲಗಳನ್ನು ಚಾಲೂ ಮಾಡಿ. ನನ್ನ ಬಳಿ ಸದಾ ಒಂದು ಪರೀಕ್ಷಾ ಸ್ಲೈಡ್ ಇರುತ್ತದೆ, ನೀವೂ ಮಾಡಿಟ್ಟುಕೊಳ್ಳಿ. ಅಂಚಿಗೆ ತಾಗಿದಂತೆ ಒಂದು ತೆಳು ಚೌಕಟ್ಟು. ನಾಲ್ಕೂ ಬದಿ ಕಾಣದಿದ್ದರೆ ಪರದೆ ಚಿತ್ರವನ್ನು ಕತ್ತರಿಸುತ್ತಿದೆ. ನಡುವೆ ಬೂದು ಬಣ್ಣದ ಹತ್ತು ಮೆಟ್ಟಿಲು. ಕೆಳಗೆ ಸಣ್ಣ ಅಕ್ಷರದಲ್ಲಿ, ಕಪ್ಪಿನ ಮೇಲೆ ಕೆಂಪಿನಲ್ಲಿ, ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’, ‘ರಾಷ್ಟ್ರೀಯ’ ಎಂಬ ಮೂರು ಪದಗಳು. ನಮ್ಮ ಲಿಪಿಯಷ್ಟು ನಿಷ್ಠುರವಾದ ಪರೀಕ್ಷಕ ನನಗೆ ಬೇರೆ ಸಿಕ್ಕಿಲ್ಲ: ಸಿಗ್ನಲ್ ದಾರಿಯಲ್ಲಿ ಎಲ್ಲೇ ಕುಗ್ಗಿ ಹಿಗ್ಗಿದರೂ ಒತ್ತಿನ ಕೆಳಗಿನ ಒತ್ತು ಮೊದಲು ಕಲಸಿಕೊಳ್ಳುತ್ತದೆ.

ಆ ಸ್ಲೈಡನ್ನು ಪ್ರತಿ ಇನ್‌ಪುಟ್‌ನಿಂದ ಪ್ರತಿ ಔಟ್‌ಪುಟ್‌ಗೆ ಕಳುಹಿಸಿ. ಕೊನೆಯ ಸಾಲಿನ ಆಸನಕ್ಕೆ ಹೋಗಿ ಕೂತು ಓದಿ. ಆಮೇಲೆ ಮೊಗಸಾಲೆಗೂ ಹೋಗಿ ಆ ಟಿವಿಯ ಮುಂದೆ ನಿಂತು ಓದಿ. ಅತಿಥಿಯ ಲ್ಯಾಪ್‌ಟಾಪ್ ಬಂದ ಕೂಡಲೇ ಅವರು ಚಹಾ ಕುಡಿಯುವಷ್ಟರಲ್ಲಿ ಅದನ್ನೂ ಚುಚ್ಚಿ ನೋಡಿ. ಟೈಪ್-ಸಿ ಅಡಾಪ್ಟರ್ ಒಂದು, ಪರೀಕ್ಷಿಸಿದ ಎರಡು ಮೀಟರಿನ ಎಚ್‌ಡಿಎಂಐ ಕೇಬಲ್ ಒಂದು ಭಾಷಣಪೀಠದ ಖಾನೆಯಲ್ಲಿರಲಿ.